ಹನ್ನೊಂದು ಜನಕ್ಕೆ ಒಂದೇ ಜೊತೆ ಬೂಟು

ಮುಳಬಾಗಿಲು, 1946

ಲೇ ಪಿಳ್ಳಪ್ಪ,

ಬರ್ಮಾದಿಂದ ನಿನ್ನ ಕಾಗದ ನಿಂತು ನಾಲ್ಕು ವರ್ಷವಾಯಿತು. ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಹೇಳದೆ ಇರಲಾರೆ: ಇವತ್ತು ಮಾಲೂರಿನವರ ಮೇಲೆ ಗೆದ್ದೆವು.

ನಮ್ಮ ಫುಟ್‌ಬಾಲ್ ಕ್ಲಬ್ಬು ಈಗಲೂ ಬರಿಗಾಲಿನದೇ. ಮೂವತ್ನಾಲ್ಕರಲ್ಲಿ ಕೋಲಾರದಲ್ಲಿ ಹೊಲಿಸಿದ ಆ ಒಂದು ಜೊತೆ ಬೂಟು ಇನ್ನೂ ಇದೆ. ದೊಡ್ಡ ಕಾಲಿನ ಅಳತೆ ಕೊಟ್ಟರೆ ಎಲ್ಲರಿಗೂ ಆಗುತ್ತದೆಂದು ನಿನ್ನ ಅಳತೆ ಕೊಟ್ಟೆವಲ್ಲ! ಕೊನೆಗೆ ಅದು ನಿನಗೊಬ್ಬನಿಗೇ ಆಯಿತು. ಪೆನಾಲ್ಟಿ ಹೊಡೆಯುವವನಿಗೆ ಮಾತ್ರ ಬೂಟು ಎಂದು ನಿಯಮ ಮಾಡಿಕೊಂಡೆವು.

ಮೂವತ್ತೊಂಬತ್ತರ ಫೈನಲ್ಲಿನಲ್ಲಿ ಪೆನಾಲ್ಟಿ ಸಿಕ್ಕಾಗ, ಕ್ಯಾಪ್ಟನ್ ಎಂಬ ಜಂಬಕ್ಕೆ, ನಿನಗೆ ಬಿಟ್ಟುಕೊಡದೆ ನಾನೇ ಬಟ್ಟೆ ತುರುಕಿ ಅದನ್ನು ಹಾಕಿಕೊಂಡೆ. ಚೆಂಡಿಗಿಂತ ಬೂಟೇ ದೂರ ಹಾರಿತು. ಊರೆಲ್ಲ ನಕ್ಕಿತು, ನೀನು ನಗಲಿಲ್ಲ. ಮರುವಾರವೇ ನೀನು ದಂಡಿಗೆ ಸೇರಿಬಿಟ್ಟೆ.

ಇವತ್ತು ಪೆನಾಲ್ಟಿ ಸಿಕ್ಕಾಗ ಎಲ್ಲರೂ ನನ್ನ ಮುಖ ನೋಡಿದರು. ಶ್ರೀನಿವಾಸಪುರದಿಂದ ಹೊಸದಾಗಿ ಬಂದಿರುವ ಕೋದಂಡನ ಮುಂದೆ ಬೂಟು ಇಟ್ಟೆ. ಅವನು ಕಾಲು ತೂರಿಸಿ, "ನಂಗೆ ಸರಿಯಾಗೈತೆ ಕಣಣ್ಣಾ. ಆದ್ರೆ ಕ್ಯಾಪ್ಟನ್ ನೀವಲ್ವಾ?" ಅಂದ.

"ನೀನೇ ಹೊಡಿಯೋ" ಎಂದು ಮಂಡಿಯೂರಿ ಕೂತು ಲೇಸು ಕಟ್ಟಿದೆ. ಎರಡು ಕಾಲಿಗೂ ಸೇರಿ ಅರ್ಧ ನಿಮಿಷ ಹಿಡಿಯಿತು, ಅಷ್ಟೇ ಕಣೋ.

ಮುನಿಶಾಮಿ