ನೀಲಿ ಬಕೆಟ್ಟಿನ ಹಾಲು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಸದ್ಯಕ್ಕೆ ಅಕ್ಕನ ಪಾಲಾಗಿರುವ ನನ್ನ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ, ಅವಳ ಕೂಸು ಇಬ್ಬರೂ ನಿದ್ದೆ ಮಾಡುತ್ತಿದ್ದಾರಾ, ಇಲ್ಲ ಇಬ್ಬರ ಪಾಲಿನ ಎಚ್ಚರವನ್ನೂ ನೀನೇ ವಹಿಸಿಕೊಂಡಿದ್ದೀಯಾ? ಭಾವ ಮಗುವನ್ನು ಎತ್ತಿಕೊಳ್ಳಲು ಕಲಿತರಾ, ಇನ್ನೂ ಗಾಜಿನ ಸಾಮಾನಿನ ಹಾಗೆ ದೂರದಿಂದಲೇ ನೋಡುತ್ತಾರಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ಅಕ್ಕ ತನ್ನ ಕೈಯಿಂದ ಹಾಕಿ ತುಂಬಿಸುತ್ತಾಳೆ. ಈ ಸಲದ ಸುದ್ದಿಗೆ ಅವಳ ಒಗ್ಗರಣೆ ಬೇಡ.

ಸುದ್ದಿ ಒಳ್ಳೆಯದಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀನು ಗಂಡ ಮಕ್ಕಳಿಗಿಂತ ಜೋಪಾನ ಮಾಡಿದ ನಿನ್ನ ಹೆಸರಿನ ಹಾಲು-ಮರಿ ಮಾರಾಟದ ಪರವಾನಗಿ ಹೋಗುವ ಹಾಗಿದೆ. ನಾಳೆ ಬೆಳಿಗ್ಗೆ ತಪಾಸಣೆ ಅಧಿಕಾರಿ ಬರುತ್ತಾರೆ. ಹಿಡಿದುಕೊಟ್ಟವನು ನಾನೇ. ನನ್ನ ಕೆಲಸ ನಿನಗೆ ಗೊತ್ತಲ್ಲ, ಕಸಾಯಿಖಾನೆಯಿಂದ ಪ್ರಯೋಗಾಲಯಕ್ಕೆ ಬರುವ ಮಾಂಸದ ತುಂಡುಗಳಲ್ಲಿ ಪ್ರಾಣಿಗೆ ಕೊಟ್ಟ ಔಷಧ ಮಿತಿ ಮೀರಿ ಉಳಿದಿದೆಯೇ ಎಂದು ನೋಡುವುದು. ಅಪ್ಪನ ಪ್ರಕಾರ ಅದು ಸತ್ತ ಮೇಲೆ ಜಾತಕ ನೋಡುವ ಕೆಲಸ. ಚೀಲದ ಮೇಲೆ ಬರೀ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ. ಕಳೆದ ವಾರ ಒಂದು ಕುರಿಮರಿಯ ಮೂತ್ರಪಿಂಡದಲ್ಲಿ ಪೆನಿಸಿಲಿನ್ ಧಾರಾಳವಾಗಿ ಸಿಕ್ಕಿತು. ಯಾವ ಮನೆಯ ಮಹಾಶಯರಪ್ಪಾ ಇವರು ಎಂದು ನಗುತ್ತಲೇ ಕಿವಿಯ ಬಿಲ್ಲೆಯ ವಿವರ ತರಿಸಿದೆ. ನಮ್ಮ ಮನೆಯವರೇ. ಅಂಶ ಹುಡುಕಲು ಹೋದವನಿಗೆ ವಂಶವೇ ಸಿಕ್ಕಿತು.

ಮರಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ ಅಮ್ಮಾ. ಚುಚ್ಚಿದ್ದು ಕೆಚ್ಚಲು ಬಾವು ಬಂದ ನಿನ್ನ ಗಯ್ಯಾಳಿ ಹಸುವಿಗೆ. ನೀನು ಹೇಳಿಹೋದ ಹಾಗೆಯೇ ಅಪ್ಪ ಅದರ ಹಿಂಗಾಲಿಗೆ ಗುರುತಿನ ಕೆಂಪು ಪಟ್ಟಿ ಕಟ್ಟಿದರು, ಔಷಧ ಬೆರೆತ ಹಾಲನ್ನು ನೀಲಿ ಬಕೆಟ್ಟಿಗೆ ಬೇರೆಯಾಗಿ ಕರೆದರು, ಡೈರಿಯ ಕ್ಯಾನಿಗೆ ಒಂದು ತೊಟ್ಟೂ ಸೇರಿಸಲಿಲ್ಲ. ಆದರೆ ಬಕೆಟ್ ಹಿಡಿದು ತಿಪ್ಪೆಗುಂಡಿಯವರೆಗೆ ಹೋದವರಿಗೆ ಸುರಿಯಲು ಮನಸ್ಸು ಬರಲಿಲ್ಲ. ವಾಪಸ್ ತಂದು, ಬಾಟಲಿಗೆ ತುಂಬಿ, ಮರಿಗಳಿಗೆ ಕುಡಿಸಿದರು. ಕೇಳಿದರೆ, “ಡೈರಿಗೆ ಹಾಕಬೇಡಿ ಅಂದಿದ್ದಳು, ಮರಿಗೆ ಹಾಕಬೇಡಿ ಅಂದಿರಲಿಲ್ಲ” ಅಂದರು. ಹಾಗೆ ಅಪ್ಪನ ಉಳಿತಾಯ ಮರಿಯ ಮೈಯಲ್ಲಿ ಉಳಿಕೆಯಾಗಿ ಕೂತಿತು. ಅವುಗಳಲ್ಲಿ ಚೆನ್ನಾಗಿ ಮೈತುಂಬಿಕೊಂಡದ್ದನ್ನೇ ಆರಿಸಿ ಮಾರಿದ್ದರು. ಅದರ ಮಾಂಸವನ್ನು ನಮ್ಮ ಇಲಾಖೆಯವರು ಅಂಗಡಿಗೆ ಹೋಗದಂತೆ ತಡೆದು ಹೂಳಿಸಿದ್ದಾರೆ.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲವೇ ಅನ್ನುತ್ತೀಯ. ಇತ್ತು. ನಮ್ಮ ಮೇಡಂ ಕಿಟಕಿಯ ಕಡೆ ನೋಡುತ್ತಾ, ಮೂತ್ರಪಿಂಡ ಪಕ್ಕಕ್ಕಿಡು, ತೊಡೆಯ ತುಂಡು ಪರೀಕ್ಷೆಗೆ ಹಾಕಿ ನೋಡು ಅಂದರು. ಔಷಧ ಮೂತ್ರಪಿಂಡದಲ್ಲಿ ಗಟ್ಟಿಯಾಗಿ ಕೂರುತ್ತದೆ, ತೊಡೆಯಲ್ಲಿ ಇದ್ದೂ ಇಲ್ಲದ ಹಾಗಿರುತ್ತದೆ. ಹಾಕಿದ್ದರೆ ಪಾಸು. ಬೇರೆಯವರ ಮರಿಗಳಿಗೆ ನಾನು ಯಾವತ್ತೂ ಈ ಮರ್ಯಾದೆ ಮಾಡಿದವನಲ್ಲ. ಪೆನಿಸಿಲಿನ್ ಆಗದೆ ಮೈಯೆಲ್ಲ ದದ್ದು ಬಂದು ಉಸಿರು ಕಟ್ಟುವವರೂ ಊಟಕ್ಕೆ ಕೂರುತ್ತಾರೆ. ಅವರಿಗೆ ನಮ್ಮ ಮನೆ ಯಾವುದೆಂದು ಏನು ಗೊತ್ತು? ನನ್ನ ಮನೆಯ ಮರಿ, ನಾನು ಮುಟ್ಟಬಾರದು ಎಂದು ಚೀಲವನ್ನು ಪಕ್ಕದ ಮೇಜಿನವಳ ಕೈಗೆ ಕೊಟ್ಟೆ. ಅವಳಿಗೂ ಅದೇ ಉತ್ತರ ಬಂತು. ದೊಡ್ಡ ಸಾಹಸವೇನಲ್ಲ, ನಂಬು. ಸುಳ್ಳು ಹೇಳಿ ಅದನ್ನು ಜನ್ಮವೆಲ್ಲ ನೆನಪಿಟ್ಟುಕೊಳ್ಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ, ಅಷ್ಟೇ.

ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನಗೆ ಹೇಳಬೇಕಾದದ್ದನ್ನು ನನಗೆ ಕೇಳುವ ಹಾಗೆ ಹಸುವಿಗೆ ಹೇಳುತ್ತಾರೆ: “ಓದಿಸಿದ್ದಕ್ಕೆ ಮನೆಯಲ್ಲೇ ಒಬ್ಬ ಪೊಲೀಸು ತಯಾರಾದ ನೋಡೇ.” ಅದು ಮೆಲುಕು ಹಾಕುತ್ತಾ ತಲೆಯಾಡಿಸುತ್ತದೆ. ಊಟಕ್ಕೆ ಕೂತರೆ ನಮ್ಮಿಬ್ಬರ ನಡುವೆ ಉಪ್ಪಿನ ಡಬ್ಬಿಯೊಂದೇ ಓಡಾಡುತ್ತದೆ. ಸಾಕಾಗಿದೆ ಅಮ್ಮಾ.

ಅಕ್ಕನಿಗೆ ನನ್ನ ಅಕ್ಕರೆ, ಭಾವನಿಗೆ ನಮಸ್ಕಾರ, ಕೂಸಿಗೆ ಕೆನ್ನೆಗೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ಮಗ
(ಅಪ್ಪ ಈಗ ನನ್ನನ್ನು ‘ಅವಳ ಮಗ’ ಎಂದೇ ಕರೆಯುವುದು)

ತಾ.ಕ. ಸೋಮವಾರ, ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ: ಅಧಿಕಾರಿ ಬಂದು ಹೋದರು. ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿ ನಿನ್ನ ಹೆಸರು ಬರೆದುಕೊಳ್ಳಲು ಹೊರಟಾಗ ಅಪ್ಪ ಎದ್ದು ನಿಂತರು. “ಅವಳಿದ್ದಿದ್ದರೆ ಚೆಲ್ಲುತ್ತಿದ್ದಳು. ಕುಡಿಸಿದ್ದು ನಾನು. ನನ್ನ ಹೆಸರು ಹಾಕಿ” ಅಂದರು. ನಾನು ಹೇಳಿಕೊಟ್ಟದ್ದಲ್ಲ. ಪರವಾನಗಿ ಉಳಿಯಿತು. ಆದರೆ ಔಷಧದ ತರಬೇತಿ ಮುಗಿಸುವ ತನಕ ಅಪ್ಪ ಕೊಟ್ಟಿಗೆಗೆ ಕಾಲಿಡುವ ಹಾಗಿಲ್ಲ. ಇದನ್ನೆಲ್ಲ ನಿನಗೆ ತಿಳಿಸಬಾರದೆಂದು ಅಪ್ಪನ ಅಪ್ಪಣೆ, ತಿಳಿಸಿದ್ದೇನೆ, ಬೈಯಬೇಡ, ಆದಷ್ಟು ಬೇಗ ಬಾ. ಈಗ ಕೊಟ್ಟಿಗೆಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಒಳಗೆ ಹಾಲು ಕರೆಯಲು ಗೊತ್ತಿಲ್ಲದ ನಾನು ಒದೆ ತಿನ್ನುತ್ತಿದ್ದೆ. ಸುಮಾರು ಹೊತ್ತು ನೋಡಿ, ಕೂತಲ್ಲಿಂದಲೇ, “ಹೆಬ್ಬೆರಳು ಮಡಿಸಬೇಡವೋ, ಅದಕ್ಕೆ ನೋಯುತ್ತೆ” ಅಂದರು. ಮಡಿಸಲಿಲ್ಲ. ಹಾಲು ಇಳಿಯಿತು.