ಜಾಲಿಮುಳ್ಳಿಗೆ ಸೋಫಾದ ರೆಕ್ಸಿನ್

ತಸ್ಲೀಮ್ ಆಪಾ,

ನೀನು ಎದ್ದು ಇದನ್ನು ಓದುವ ಹೊತ್ತಿಗೆ ನಿನ್ನ ತಮ್ಮ ಜಮೀರನ, ಅಂದರೆ ನನ್ನದೇ, ಬೈಕು ಹೊನ್ನಾಳಿ ಸೇತುವೆ ದಾಟಿರುತ್ತದೆ. "ಹಂದಿಗುಳು ಮೆಕ್ಕೆಜೋಳ ನೆಲಸಮ ಮಾಡ್ಯಾವೆ, ನೀನು ಬರದಿದ್ರೆ ಓಡ್ಸಾಕೆ ಆಗಲ್ಲಪ್ಪ" ಅಂತ ಜಗಳೂರು ಕಡೆಯ ಬಿಳಿಚೋಡಿನ ಭೀಮೇಶ್ ಫೋನಿನಲ್ಲಿ ಅತ್ತಿದ್ದು ಮೂರು ತಾಲ್ಲೂಕಿಗೆ ಕೇಳಿಸಿದೆ.

ನೀನು ತಂದ ಗಮ್‌ಬೂಟು ಬಾಗಿಲ ಹಿಂದಿದೆ. ಅವನು ಹಾಕಿಕೊಳ್ಳಲಿಲ್ಲ, ಹಾಕಿಕೊಳ್ಳುವುದೂ ಇಲ್ಲ. ಅದು ಹೊನ್ನಾಳಿಯ ಭತ್ತದ ಕೆಸರಿಗೆ ಸರಿ. ಜಗಳೂರಿನ ಜಾಲಿಮುಳ್ಳಿಗೆ ಆ ರಬ್ಬರು ಹಪ್ಪಳಕ್ಕೆ ಸಮ. "ಬೂಟ್ ಹಾಕ್ಕೊಂಡ್ರೆ ಹೋಗು, ಇಲ್ಲಾಂದ್ರೆ ಮನೇಲಿ ಬಿದ್ಕೋ" ಅಂದೆಯಲ್ಲ? ಹೋದ, ನೋಡು!

ಬೈಕ್ ಸೀಟು ಹೊಲಿಯುವವನಿಗೆ ಅಂಗಡಿಯ ಮಾಲು ಯಾಕೆ? ಮಾಮೂಲಿ ಬೂಟಿನ ಮೇಲಿಂದ ಮೊಣಕಾಲವರೆಗೆ ಕಟ್ಟುವ ಕಾಲುಪಟ್ಟಿಯನ್ನು ತಾನೇ ಹೊಲಿದಿದ್ದಾನೆ. ಎರಡು ಪದರ ರೆಕ್ಸಿನ್, ನಡುವೆ ಕ್ಯಾನ್ವಾಸ್, ಪಕ್ಕಕ್ಕೆ ಬಕಲ್. ಕಂಡರೆ ಮುಳ್ಳೇ ಬಾಗಿ ಸಲಾಂ ಹೊಡೆಯಬೇಕು. ಕಚ್ಚಿದ ನಾಗರಹಾವು ಹಲ್ಲಿನ ಡಾಕ್ಟರನ್ನು ಹುಡುಕಬೇಕು.

ರೆಕ್ಸಿನ್ ಎಲ್ಲಿಂದ ಬಂತು ಅಂತ ಬೀದಿಗೆ ಕೇಳುವಂತೆ ಕೂಗಬೇಡ. ಸೋಫಾದ ಬೆನ್ನು ಗೋಡೆ ಕಡೆಗಿದೆ, ಯಾರು ನೋಡುತ್ತಾರೆ? ಮುಂದಕ್ಕೆ ಎಳೆಯಬೇಡ, ಅಷ್ಟೆ.

ಅಂಗಡಿಯ ಬೀಗದಕೈ ಟಿವಿ ಮೇಲಿದೆ. ಸಂಜೆಗೆ ಸಾರು ಮಾಡಿರು.

ಹೋದ ಸಲ ಮುಳ್ಳು ನಟ್ಟು, ಕೀವಾಗಿ, ಕಾಲು ಕಂಬದಂತೆ ಊದಿದ್ದು ನಿಜ. ಈ ಸಲ ಹಾಗಾಗುವ ಮಾತೇ ಇಲ್ಲ. ಆದರೂ ಪಿನ್ನು ತೊಳೆದಿಟ್ಟುಕೊಂಡು ಮನೆಯಲ್ಲೇ ಇರು ಆಪಾ. ನಿನ್ನ ಬೈಗುಳ ಕೇಳದೆ ಅವನ ಕಾಲಿನ ಮುಳ್ಳು ಇವತ್ತಿನವರೆಗೆ ಹೊರಗೆ ಬಂದದ್ದಿಲ್ಲ.