ಬಲದಿಂದ ಎಡಕ್ಕೆ ಬಂದ ಸ್ಟೇರಿಂಗು ಮತ್ತು ನಾನು ಹೇಳಿಕೊಟ್ಟ ಒಂದು ‘ಇಲ್ಲ’

ತೋಕ್ಮೋಕ್, ನವೆಂಬರ್ ಹದಿನಾಲ್ಕು

ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನನ್ನ ತಂಗಿಯ ಮಗಳು ಬುರುಲ್‌ಳ ಬಲಗಾಲು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತದೆ, ಆಮೇಲೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ರಾಜಧಾನಿಯಲ್ಲಿ ಆಪರೇಷನ್ ಆಗದಿದ್ದರೆ ಮಂಡಿಯ ಕೆಳಗೆ ಕತ್ತರಿಸಬೇಕಾಗುತ್ತದೆ. ಅದರ ಖರ್ಚು ಕೊಡಬೇಕಾದ ವಿಮಾ ಕಂಪನಿ ಕೊಡುವುದಿಲ್ಲ ಎನ್ನುತ್ತಿದೆ. ಕಾರಣವೇನೆಂದರೆ, ಅವಳ ಕಾರಿನ ಸ್ಟೇರಿಂಗು ತಯಾರಾದಾಗ ಬಲಗಡೆ ಇತ್ತಂತೆ, ಅಪಘಾತವಾದಾಗ ಎಡಗಡೆ ಇತ್ತಂತೆ. ಅದನ್ನು ಎಡಕ್ಕೆ ತಂದವನು ನಾನು. ತೋಕ್ಮೋಕಿನ ಪೇಟೆ ಹಿಂದಿನ ಗ್ಯಾರೇಜಿನಲ್ಲಿ ಮೂವತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ಶಾರ್ಶೆನ್.

ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ನಿಮ್ಮ ಕಚೇರಿಯ ಗಾಜಿನ ಕಿಟಕಿಗಳ ಹಿಂದೆ ಕೂತವರಿಗೆ ಗೊತ್ತಿಲ್ಲದಂತೆ ಕಾಣುವುದರಿಂದ ಬರೆಯುತ್ತೇನೆ. ನಮ್ಮ ರಸ್ತೆಯಲ್ಲಿ ಗಾಡಿಗಳು ಬಲಬದಿಯಲ್ಲಿ ಹೋಗುತ್ತವೆ, ಆದ್ದರಿಂದ ಚಾಲಕ ಎಡಗಡೆ ಕೂರಬೇಕು. ಆದರೆ ನಮ್ಮಂಥವರ ಕೈಗೆ ಎಟುಕುವುದು ಜಪಾನಿನಿಂದ ಬಂದ ಹಳೆಯ ಕಾರು, ಅದರಲ್ಲಿ ಚಾಲಕನ ಜಾಗ ಬಲಗಡೆ. ಹೀಗೆ ಕೂತು ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ಚಾಲಕನಿಗೆ ಕಾಣುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ. ‘ಬರ್ತಾ ಇದೆಯಾ?’ ‘ಇಲ್ಲ, ಹೊಡಿ!’ ಎಂಬ ಮಾತಿನ ಮೇಲೆ ಈ ದೇಶದ ಅರ್ಧ ಜನ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿದ್ದಾರೆ.

ಬುರುಲ್ ಕೋಚ್ಕೋರಿನಿಂದ ಮೇಲಿನ ಒಂದು ಹಳ್ಳಿಯಲ್ಲಿ ಆರೋಗ್ಯ ಸಹಾಯಕಿ. ಹಳ್ಳಿಗೊಂದು ಆಂಬುಲೆನ್ಸ್ ಮಂಜೂರಾಗಿದೆ. ಅದು ಮಂಜೂರಾದ ಕಾಗದ ಚೌಕಟ್ಟಿನೊಳಗೆ ಗೋಡೆಯ ಮೇಲೆ ತೂಗುತ್ತಿದೆ, ಗಾಡಿ ಇನ್ನೂ ಬಂದಿಲ್ಲ. ಹೀಗಾಗಿ ಹೆರಿಗೆ ಕಷ್ಟವಾದವರನ್ನು ತನ್ನ ಕಾರಿನಲ್ಲೇ ಕೆಳಗಿನ ಆಸ್ಪತ್ರೆಗೆ ಇಳಿಸುವುದು ಅವಳ ಅಭ್ಯಾಸ. ಎರಡು ವರ್ಷದ ಹಿಂದೆ ಒಬ್ಬ ಗರ್ಭಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವಾಗ ಮುಂದೆ ಕಲ್ಲಿದ್ದಲ ಲಾರಿಯೊಂದು ಆಮೆಯಂತೆ ಹೋಗುತ್ತಿತ್ತು. ಬುರುಲ್ ಪಾಪ, ರೂಢಿಯಂತೆ ಕೇಳಿದ್ದಾಳೆ:

“ಜೆಂಗೆ, ಎದುರಿಗೆ ಗಾಡಿ ಏನಾದ್ರೂ ಬರ್ತಾ ಇದೆಯಾ, ಸ್ವಲ್ಪ ನೋಡ್ತೀರಾ?”

ಆ ಅತ್ತಿಗೆ ಹಲ್ಲು ಕಚ್ಚಿಕೊಂಡೇ ಕಿರುಚಿದಳಂತೆ: “ನಾನೇನು ಹೆರಲೋ, ಇಲ್ಲಾ ನಿನ್ನ ಲಾರಿ ಕಾಯ್ತಾ ಕೂರಲೋ? ನಿನ್ನ ಮನೆ ಹಾಳಾಗ!”

ಮಗು ಆಸ್ಪತ್ರೆಯ ಗೇಟಿನಲ್ಲಿ ಹುಟ್ಟಿತು, ಗಂಡು. ಮರುವಾರ ಬುರುಲ್ ಕಾರು ತಂದು ನನ್ನ ಗ್ಯಾರೇಜಿನಲ್ಲಿ ನಿಲ್ಲಿಸಿದಳು. “ತಾಯ್ಕೆ, ಇದನ್ನ ಎಡಕ್ಕೆ ಮಾಡ್ಕೊಡಿ. ಹೆರೋರ ಹತ್ರ ಬೈಸ್ಕೊಂಡು ಸಾಕಾಯ್ತು,” ಅಂದಳು. ಸೋದರಮಾವ ಆದವನು ಆಗುವುದಿಲ್ಲ ಎನ್ನಲಿಕ್ಕೆ ಬರುತ್ತದೆಯೇ?

ಈ ಕೆಲಸದಲ್ಲಿ ಕಳ್ಳ ಕಸುಬಿನವರು ಇದ್ದಾರೆ, ಅದನ್ನು ಒಪ್ಪುತ್ತೇನೆ. ಚಕ್ರಗಳನ್ನು ತಿರುಗಿಸುವ ಬಲಗಡೆಯ ಹಲ್ಲುಪಟ್ಟಿಯನ್ನೇ ಉಳಿಸಿಕೊಂಡು ಸೈಕಲ್ಲಿನ ಹಾಗೆ ಚೈನು ಎಳೆದು ಸ್ಟೇರಿಂಗನ್ನು ಎಡಕ್ಕೆ ತಂದು ಕಣ್ಣಿಗೆ ಮಣ್ಣೆರಚುತ್ತಾರೆ. ಅಂಥ ಗಾಡಿ ನನ್ನ ಅಂಗಳಕ್ಕೆ ಬಂದರೆ ಬೈದು ಕಳಿಸುತ್ತೇನೆ. ಬುರುಲ್‌ಳ ಕಾರಿಗೆ ಅದೇ ಮಾದರಿಯ, ಯುರೋಪಿಗೆಂದು ಎಡಗಡೆ ಸ್ಟೇರಿಂಗ್ ಇಟ್ಟೇ ಮಾಡಿದ ಗಾಡಿಯೊಂದರಿಂದ ಬಿಚ್ಚಿದ ಹಲ್ಲುಪಟ್ಟಿ, ಸ್ಟೇರಿಂಗಿನ ಕಂಬ, ಪೆಡಲು ಎಲ್ಲವನ್ನೂ ಹುಡುಕಿ ತಂದೆ. ಹೊಸದು ತರಬೇಕಾದರೆ ಕಾರಿಗಿಂತ ಅದೇ ದುಬಾರಿ. ಹದಿನಾರು ದಿನ ಕೆಲಸ ಮಾಡಿದೆ. ನೋಂದಣಿ ಕಚೇರಿಯವರು ತಪಾಸಣೆ ಮಾಡಿ, ಕಾಗದದಲ್ಲಿ ‘ಎಡ’ ಎಂದು ತಿದ್ದಿ, ಮುದ್ರೆ ಹಾಕಿಕೊಟ್ಟರು. ಆ ಮುದ್ರೆಯೂ ಸರ್ಕಾರದ್ದೇ, ನಿಮ್ಮ ಕಚೇರಿಯೂ ಸರ್ಕಾರದ್ದೇ ಎಂದು ನಾನು ಈವರೆಗೆ ನಂಬಿಕೊಂಡಿದ್ದೆ.

ಕಾರು ಸಿದ್ಧವಾದ ದಿನ ನನ್ನ ತಂಗಿ ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದು, ಕೆನೆ ತಂದು, ಅಂಗಳದಲ್ಲೇ ಬಟ್ಟೆ ಹಾಸಿದಳು. ವಿಮಾ ಏಜೆಂಟ್ ಕುಬಾತ್ ಕೂಡ ಅದೇ ದಿನ ಬಂದ. ನಮ್ಮ ಓಣಿಯ ಹುಡುಗ, ಅವನ ಅಪ್ಪನ ಕಾರನ್ನೂ ನಾನೇ ಎಡಕ್ಕೆ ತಂದಿದ್ದೆ. ಬುರುಲ್ ಕಡ್ಡಾಯದ ವಿಮೆಯ ಜೊತೆಗೆ ಚಾಲಕಿಯ ಚಿಕಿತ್ಸೆಯೂ ಸೇರುವ ದೊಡ್ಡ ವಿಮೆಯನ್ನೇ ಮಾಡಿಸಿದಳು, ಮಲೆದಾರಿಯಲ್ಲಿ ಓಡಾಡುವವಳಲ್ಲವೇ. ಕುಬಾತ್ ತಟ್ಟೆ ತುಂಬ ಬೋರ್ಸೋಕ್ ತಿಂದ. ಸ್ಟೇರಿಂಗಿಗೆ ಒಳ್ಳೆಯದಾಗಲಿ ಎಂದು ಹಿರಿಯರು ಅಂಗೈ ತೆರೆದು ಹರಸುವಾಗ ಅವನೂ ಅಂಗೈ ತೆರೆದು ಮುಖ ಸವರಿಕೊಂಡ. ಆಮೇಲೆ ಸುತ್ತ ನಾಲ್ಕು ಫೋಟೊ ತೆಗೆದು, ಅರ್ಜಿಯನ್ನು ಬುರುಲ್‌ಳ ಕೈಗೆ ಕೊಟ್ಟ.

ಮುಖ್ಯಸ್ಥರೇ, ಈಗ ಹೇಳುವ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ಅರ್ಜಿ ತುಂಬುತ್ತಿದ್ದ ಬುರುಲ್ ತಲೆಯೆತ್ತಿ ಕೇಳಿದಳು:

“ತಾಯ್ಕೆ, ‘ವಾಹನದಲ್ಲಿ ಮಾರ್ಪಾಡು ಮಾಡಲಾಗಿದೆಯೇ’ ಅಂತ ಕೇಳಿದಾರೆ. ಏನು ಬರೀಲಿ?”

ನಾನು ಕೈ ಒರೆಸಿಕೊಳ್ಳುತ್ತಾ ನಕ್ಕೆ. “ಮಾರ್ಪಾಡು ಎಲ್ಲಿಂದ ಬಂತು ಮಗಳೇ? ನೀನೇನು ಹಿಂದೆ ರೆಕ್ಕೆ ಕಟ್ಟಿಸಿದೀಯಾ, ಊರೆಲ್ಲ ಏಳೋ ಹಾಗೆ ಹೊಗೆಕೊಳವೆ ಹಾಕಿಸಿದೀಯಾ? ಸ್ಟೇರಿಂಗು ಅದರ ಜಾಗಕ್ಕೆ ಬಂದಿದೆ ಅಷ್ಟೇ. ‘ಇಲ್ಲ’ ಅಂತ ಬರಿ.”

ಕುಬಾತ್ ಬಾಯಿ ತುಂಬಿಕೊಂಡೇ ತಲೆಯಾಡಿಸಿದ. ಅವಳು ‘ಇಲ್ಲ’ ಎಂದು ಬರೆದಳು. ಇದು ಸುಳ್ಳಲ್ಲ ಮುಖ್ಯಸ್ಥರೇ. ಕಪ್ಪು ಗಾಜು, ಕಿರುಚುವ ಕೊಳವೆ, ನೆಲಕ್ಕೆ ತಾಗುವ ಹಾಗೆ ಇಳಿಸಿದ ಗಾಡಿ, ಇವನ್ನು ನಾವು ಮಾರ್ಪಾಡು ಎನ್ನುತ್ತೇವೆ. ಎಡಕ್ಕೆ ತಂದ ಸ್ಟೇರಿಂಗನ್ನು ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಈ ಪ್ರಶ್ನೆಗೆ ‘ಇದೆ’ ಎಂದು ಬರೆದ ಒಬ್ಬ ಮನುಷ್ಯನನ್ನು ತೋಕ್ಮೋಕಿನಲ್ಲಿ ತೋರಿಸಿ, ನಾನು ಗ್ಯಾರೇಜಿಗೆ ಬೀಗ ಹಾಕುತ್ತೇನೆ.

ಕಳೆದ ತಿಂಗಳು, ಅಕ್ಟೋಬರ್ ಮೂರನೇ ತಾರೀಕು, ಒಳ್ಳೆಯ ಬಿಸಿಲು. ಮೇಲಿನ ಹುಲ್ಲುಗಾವಲುಗಳಿಂದ ಕುದುರೆಗಳನ್ನು ಇಳಿಸುವ ಕಾಲ. ಬುರುಲ್ ಒಬ್ಬಳೇ ಔಷಧಿ ತೆಗೆದುಕೊಂಡು ಹಳ್ಳಿಗೆ ಹೋಗುತ್ತಿದ್ದಳು. ಒಂದು ಕುದುರೆಮರಿ ರಸ್ತೆಗೆ ಹಾರಿತು. ಅವಳು ಬಲಕ್ಕೆ ತಿರುಗಿಸಿದಳು, ಕಾರು ಮೋರಿಗೆ ಬಿತ್ತು. ಕುದುರೆಗಳ ಹಿಂದೆ ಬರುತ್ತಿದ್ದ ಕಾಯುವವ ಓಮುರ್‌ಜಾಕ್ ಪೊಲೀಸರಿಗೆ ಹೇಳಿದ್ದು ವರದಿಯಲ್ಲಿ ಇದೆ: “ಮರಿ ಅಡ್ಡ ಬಂತು. ಹುಡುಗಿ ತಿರುಗಿಸಿದ್ಲು, ಗಾಡಿ ತಿರುಗ್ತು. ತಿರುಗದೇ ಹೋಗಿದ್ರೆ ನನ್ನ ಮರಿ ಸತ್ತಿರೋದು.”

ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಸ್ಟೇರಿಂಗು ಕೆಟ್ಟಿದ್ದರೆ ಕಾರು ನೆಟ್ಟಗೆ ಹೋಗಿ ಮರಿಯನ್ನು ಕೊಲ್ಲುತ್ತಿತ್ತು, ಬುರುಲ್ ಕಾಲು ನೆಟ್ಟಗೆ ಇರುತ್ತಿತ್ತು. ಸ್ಟೇರಿಂಗು ಹೇಳಿದ ಹಾಗೆ ಕೇಳಿತು. ಕೇಳಿದ್ದೇ ಈಗ ಅಪರಾಧವಾಗಿದೆ.

ಕಂಪನಿಯ ಪತ್ರದಲ್ಲಿ ಒಂದು ಸಾಲು ಇದೆ: ‘ತಯಾರಕರ ವಿನ್ಯಾಸಕ್ಕೆ ಹೊರತಾದ ಮಾರ್ಪಾಡನ್ನೂ ಬಳಸಿದ ಬಿಡಿಭಾಗಗಳ ಅಳವಡಿಕೆಯನ್ನೂ ವಿಮಾದಾರರು ಮರೆಮಾಚಿರುವುದರಿಂದ ಪರಿಹಾರ ನಿರಾಕರಿಸಲಾಗಿದೆ.’ ಮರೆಮಾಚಿದರಂತೆ! ಸ್ಟೇರಿಂಗನ್ನು ಯಾವ ಟವೆಲ್ಲು ಹೊದಿಸಿ ಮುಚ್ಚಿಡುವುದು, ದಯವಿಟ್ಟು ಹೇಳಿ. ಚಾಲಕಿಯ ಎದೆಯ ಮುಂದೆಯೇ ಇರುವ ವಸ್ತು ಅದು. ಕಂತು ತೆಗೆದುಕೊಳ್ಳುವಾಗ ಕಾಣದ್ದು, ಪರಿಹಾರ ಕೊಡುವಾಗ ಮಾತ್ರ ಕಾಣುವುದಾದರೆ ಆ ಕಣ್ಣಿಗೆ ಏನು ರೋಗ?

ಕುಬಾತ್‌ನನ್ನು ಹಿಡಿದು ಕೇಳಿದೆ. ಅವನು ಹಿರಿಯಣ್ಣನನ್ನು ಕರೆಯುವಂತೆ ‘ಬಾಯ್ಕೆ’ ಎಂದೇ ಶುರುಮಾಡಿದ.

“ಶಾರ್ಶೆನ್ ಬಾಯ್ಕೆ, ನಾನು ತೆಗೆದಿದ್ದು ಹೊರಗಿನ ಫೋಟೊ ಮಾತ್ರ. ಒಳಗೆ ನೋಡೋದು ನನ್ನ ಕೆಲಸಕ್ಕೆ ಬರಲ್ಲ.”

“ಬೋರ್ಸೋಕ್ ತಿನ್ನೋದು ನಿನ್ನ ಕೆಲಸಕ್ಕೆ ಬರ್ತಿತ್ತಾ?”

“ಬಾಯ್ಕೆ, ನಾನು ಬಾಯಿ ಬಿಟ್ರೆ ನನ್ನ ಕೆಲಸ ಹೋಗತ್ತೆ. ಮನೇಲಿ ಹೊಸ ಮಗು ಇದೆ.”

ಆ ಮಗುವಿನ ಹೆರಿಗೆಯನ್ನು ರಜೆಗೆ ಊರಿಗೆ ಬಂದಿದ್ದ ಬುರುಲ್‌ಳೇ ಮಾಡಿಸಿದ್ದಳು ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

ರಾಜಧಾನಿಗೆ ಹೋಗಿ ಕಂಪನಿಯ ಕಿಟಕಿ ಮುಂದೆ ನಿಂತೆ. ನನಗೆ ಗಡ್ಡವಿಲ್ಲ, ಆದರೂ ಅಲ್ಲಿನ ಹೆಣ್ಣುಮಗಳು “ಅಕ್ಸಕಾಲ್” ಎಂದು ಕರೆದು ಬಿಳಿಗಡ್ಡದ ಗೌರವ ಕೊಟ್ಟಳು, ಕೊಟ್ಟದ್ದು ಅದೊಂದನ್ನೇ. ಸ್ಟೇರಿಂಗಿನಿಂದ ಅಪಘಾತ ಆಗಿಲ್ಲ ಎಂದು ತಜ್ಞರ ವರದಿ ತನ್ನಿ ಅಂದಳು. ತಜ್ಞರ ಬಳಿ ಹೋದರೆ, ತಯಾರಕರ ನಕ್ಷೆಗೆ ಹೋಲಿಸದೆ ಬರೆಯಲಾಗದು, ಬಲಗಡೆಗೆಂದೇ ತಯಾರಾದ ಈ ಕಾರಿಗೆ ಎಡಗಡೆಯ ನಕ್ಷೆ ಇಲ್ಲ ಅಂದರು. ತಿರುಗಿ ಕಿಟಕಿಗೆ ಬಂದೆ. ಸಿಟ್ಟಿನಲ್ಲಿ, ಹತಾಶೆಯಲ್ಲಿ ಹೇಳಿಬಿಟ್ಟೆ:

“ತಪ್ಪೆಲ್ಲ ನಂದೇ ಅಂತ ಬರ್ಕೊಡ್ತೀನಿ ತಾಯಿ. ನಾನು ಜೋಡಿಸಿದ್ದೇ ಕೆಟ್ಟಿತ್ತು ಅಂತ ಬರ್ಕೊಡ್ತೀನಿ. ನನ್ನ ಜೈಲಿಗೆ ಹಾಕಿ. ಹುಡುಗಿ ಕಾಲು ಉಳಿಸಿ.”

“ಅಕ್ಸಕಾಲ್, ಹಾಗೆ ಬರ್ಕೊಟ್ರೆ ನಾವು ನಿರಾಕರಿಸಿದ್ದು ಸರಿ ಅಂತ ಇನ್ನೂ ಗಟ್ಟಿ ಆಗತ್ತೆ ಅಷ್ಟೇ,” ಅಂದಳು. ಅವಳ ಮುಖದಲ್ಲಿ ಕನಿಕರವಿತ್ತು, ಆ ವಿಷಯದಲ್ಲಿ ಸುಳ್ಳು ಹೇಳಬಾರದು.

ನನ್ನ ಮನೆಯನ್ನೂ ಗ್ಯಾರೇಜನ್ನೂ ಮಾರಲಿಕ್ಕೆ ಇಟ್ಟಿದ್ದೇನೆ. ಚಳಿಗಾಲದ ಬಾಯಲ್ಲಿ ಕೊಳ್ಳುವವರು ಬರುವುದಿಲ್ಲ. ಊರವರು, ಅವಳ ಕೈಯಲ್ಲಿ ಹೆತ್ತವರು ಎಲ್ಲರೂ ಸೇರಿ ಕೊಟ್ಟದ್ದು ಇದುವರೆಗಿನ ಔಷಧಿಗೆ ಹೋಯಿತು. ಬುರುಲ್ ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಕಾಲಿಗೆ ಕಬ್ಬಿಣದ ಬಳೆಗಳನ್ನೂ ಸರಳುಗಳನ್ನೂ ಹಾಕಿಸಿಕೊಂಡು ಮಲಗಿದ್ದಾಳೆ. ಅಭ್ಯಾಸಬಲದಿಂದ ನನ್ನ ಕಣ್ಣು ಅದರ ನಟ್ಟುಗಳ ಮೇಲೆ ಹೋಯಿತು. ಅವಳು ಗಮನಿಸಿ ನಕ್ಕಳು.

“ತಾಯ್ಕೆ, ಆಪರೇಷನ್ ಆದ್ರೆ ಮೂಳೆಗೆ ಲೋಹದ ಪಟ್ಟಿ ಹಾಕ್ತಾರಂತೆ. ಅದು ನಮ್ಮಮ್ಮ ಕೊಟ್ಟಿದ್ದಲ್ಲ. ಆಮೇಲೆ ನನಗೆ ವಿಮೆ ಸಿಗತ್ತಾ, ಇಲ್ಲ ನಾನೂ ಮಾರ್ಪಾಡೇ?”

ನಾನು ನಗಲಿಲ್ಲ. ‘ಇಲ್ಲ ಅಂತ ಬರಿ’ ಎಂದವನು ನಾನೇ ಎಂದು ಅವಳು ಒಮ್ಮೆಯಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತೆ, ಐವತ್ತೆಂಟು ವರ್ಷದ ಗಂಡಸು.

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನಾಲ್ಕು ದಿನ ಗೇಟಿನ ಬಳಿ ನಿಂತೆ. ಮುಖ್ಯಸ್ಥರು ಸಭೆಯಲ್ಲಿದ್ದಾರೆ ಎಂದರು, ಊಟಕ್ಕೆ ಹೋಗಿದ್ದಾರೆ ಎಂದರು, ಲಿಖಿತವಾಗಿ ಕೊಡಿ ಎಂದರು. ಕೊಟ್ಟದ್ದಕ್ಕೆ ಉತ್ತರ ಬರಲು ಮೂವತ್ತು ಕೆಲಸದ ದಿನಗಳು ಬೇಕಂತೆ. ಬುರುಲ್ ಕಾಲಿಗೆ ಉಳಿದಿರುವುದು ಹದಿನಾರು ದಿನ, ರಜೆಯ ದಿನಗಳೂ ಸೇರಿ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾಲ್ಕನೆಯ ದಿನ ಮಧ್ಯಾಹ್ನ ಹಿಮ ಬೆರೆತ ಮಳೆ ಬರುತ್ತಿತ್ತು. ನಿಮ್ಮ ಕಚೇರಿಯ ದೊಡ್ಡ ಕಪ್ಪು ಗಾಡಿ ಗೇಟಿನಿಂದ ಹೊರಬಂತು. ನೀವು ಹಿಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದಿರಿ, ನನ್ನನ್ನು ನೋಡಲಿಲ್ಲ, ಅದಕ್ಕೆ ಬೇಸರವಿಲ್ಲ. ನಾನು ನೋಡಿದ್ದು ವೈಪರುಗಳನ್ನು. ಬಲಗಡೆಯ ಚಾಲಕನಿಗೆಂದು ಮಾಡಿದ ವೈಪರು, ಸ್ಟೇರಿಂಗು ಎಡಕ್ಕೆ ಬಂದ ಮೇಲೂ ಬಲಗಡೆಯವನಿಗೇ ಗಾಜು ಒರೆಸುತ್ತದೆ. ಎಡಮೂಲೆಯಲ್ಲಿ ಅಂಗೈ ಅಗಲದ ಜಾಗ ಒರೆಸದೆ ಉಳಿಯುತ್ತದೆ. ಅದನ್ನು ತಪ್ಪಿಸಲು ಚಾಲಕ ಒಂದಿಷ್ಟು ಬಲಕ್ಕೆ ವಾಲಿ ನೋಡಬೇಕು. ನನ್ನ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿಕೊಟ್ಟು ಕಳಿಸುತ್ತೇನೆ. ನಿಮ್ಮ ಚಾಲಕರು ಬಹಳ ಚೆನ್ನಾಗಿ ವಾಲುತ್ತಾರೆ.

ಇದು ಬೆದರಿಕೆಯಲ್ಲ ಮುಖ್ಯಸ್ಥರೇ, ಬೇಡಿಕೆ. ನಿಮ್ಮ ಗಾಡಿ ಯಾರ ಗ್ಯಾರೇಜಿನದೋ ನನಗೆ ಗೊತ್ತಿಲ್ಲ, ಒಳ್ಳೆಯ ಕೆಲಸವೇ ಇರಬಹುದು. ಅದರ ವಿಮೆಯ ಅರ್ಜಿ ನಿಮ್ಮ ಕಚೇರಿಯ ಯಾವುದೋ ಕಪಾಟಿನಲ್ಲಿ ಇರುತ್ತದೆ. ದಯವಿಟ್ಟು ತರಿಸಿ ನೋಡಿ. ‘ಮಾರ್ಪಾಡು ಮಾಡಲಾಗಿದೆಯೇ’ ಎಂಬ ಪ್ರಶ್ನೆಯ ಮುಂದೆ ‘ಇದೆ’ ಎಂದು ಬರೆದಿದ್ದರೆ ನಾನು ಸುಳ್ಳುಗಾರ, ಇನ್ನು ನಿಮ್ಮ ಗೇಟಿಗೆ ಬರುವುದಿಲ್ಲ. ‘ಇಲ್ಲ’ ಎಂದು ಬರೆದಿದ್ದರೆ, ಅದನ್ನು ಬರೆದವರು ಯಾವ ಅರ್ಥದಲ್ಲಿ ಬರೆದರೋ ಅದೇ ಅರ್ಥದಲ್ಲಿ ನನ್ನ ಹುಡುಗಿಯ ‘ಇಲ್ಲ’ವನ್ನೂ ಓದಿ, ಕಂಪನಿಗೆ ಒಂದು ಸಾಲಿನ ಆದೇಶ ಕಳಿಸಿ. ಹದಿನಾರು ದಿನದೊಳಗೆ ಕಳಿಸಿ. ಹದಿನೇಳನೆಯ ದಿನ ನೀವು ಎಷ್ಟು ಒಳ್ಳೆಯವರಾದರೂ ಪ್ರಯೋಜನವಿಲ್ಲ.

ಇಂತಿ,
ಆ ಉತ್ತರವನ್ನು ಹೇಳಿಕೊಟ್ಟ ಬಾಯಿ, ಆ ಸ್ಟೇರಿಂಗನ್ನು ಜೋಡಿಸಿದ ಕೈ, ಎರಡರ ಶಿಕ್ಷೆಯನ್ನೂ ತನಗೇ ಕೊಡಿ ಎಂದು ಬೇಡುತ್ತಿರುವ
ಶಾರ್ಶೆನ್, ಬುರುಲ್‌ಳ ಸೋದರಮಾವ